ತ್ರಿವೇಣಿ ಎಂಬ ಗ್ರಂಥಕರ್ತೆಯ ಜೀವನ ವೃತ್ತಾಂತ

ಕೃಷ್ಣರಾಜಪೇಟೆಯ ಸೀಮೆಯಲ್ಲಿ ಮಾಕವಳ್ಳಿ ಎಂಬ ಗ್ರಾಮವುಂಟು. ಕಬ್ಬಿನ ಗದ್ದೆಗಳೂ ಸಕ್ಕರೆಯ ಕಾರ್ಖಾನೆಯೂ ಇರುವ ಆ ಕಡೆಯ ಹಳ್ಳಿಗಳಲ್ಲಿ ಒಬ್ಬರು ಮತ್ತೊಬ್ಬರನ್ನು ಸಿಟ್ಟಿನಿಂದ ಹಳಿಯಬೇಕಾದರೆ, ಇವನನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಒಯ್ದು ಕೂಡಿಹಾಕಬೇಕೆಂದು ಹೇಳುವ ವಾಡಿಕೆಯು ಈಗಲೂ ಬಿಟ್ಟುಹೋಗಲಿಲ್ಲ. ಜ್ವರದಿಂದ ನಡುಗುವವನನ್ನು ನೋಡಿ ಯಾರೂ ನಗುವದಿಲ್ಲ. ಗಾಡಿಯಿಂದ ಬಿದ್ದು ಕಾಲು ಮುರಿದವನಿಗೆ ಹೆಗಲು ಕೊಡುವವರು ನಾಲ್ಕು ಮಂದಿ ಸಿಕ್ಕುವರು. ಆದರೆ ಚಿತ್ತವು ಕದಡಿದವರ ಬೇನೆಯ ಹೆಸರೇ ನಮ್ಮಲ್ಲಿ ಬೈಗುಳವಾಗಿದೆ. ಹೀಗಿರಲಾಗಿ, ಈ ಬೇನೆಯನ್ನು ಬೈಗುಳದಿಂದ ಬಿಡಿಸಿ ಕಥೆಯೊಳಕ್ಕೆ ತಂದವರೂ ನಮ್ಮ ಮಂಡ್ಯದ ಸೀಮೆಯೊಡನೆ ನಂಟುಳ್ಳವರೂ ಆಗಿದ್ದ ಒಬ್ಬ ಸ್ತ್ರೀಯ ಚರಿತ್ರೆಯನ್ನು ಈ ತಿಂಗಳು ನಮ್ಮ ವಾಚಕರ ಮುಂದೆ ಇಡುತ್ತೇವೆ. ಕನ್ನಡ ಓದಬಲ್ಲವರೆಲ್ಲರೂ ಆಕೆಯನ್ನು ತ್ರಿವೇಣಿ ಎಂಬ ಹೆಸರಿನಿಂದ ಬಲ್ಲರು.

ಆಕೆಯು ಹುಟ್ಟಿದ್ದು ೧೯೨೮ನೆಯ ಇಸವಿಯ ಸೆಪ್ಟೆಂಬರ್ ೧ರಂದು. ಮನೆಯವರು ಮೊದಲು ಇಟ್ಟ ಹೆಸರು ಭಾಗೀರಥಿ. ತರುವಾಯ ಅನಸೂಯ ಎಂಬ ಹೆಸರು ನಿಂತಿತು. ಮದುವೆಯಾದ ಮೇಲೆ ಅನಸೂಯಾ ಶಂಕರ್ ಎಂದಾಯಿತು. ಪುಸ್ತಕಗಳ ಮೇಲೆ ಹಾಕಿಕೊಂಡ ಹೆಸರು ಮಾತ್ರ ತ್ರಿವೇಣಿ. ತಂದೆ ಬಿ. ಎಂ. ಕೃಷ್ಣಸ್ವಾಮಿಯವರು, ತಾಯಿ ತಂಗಮ್ಮನವರು. ಬಾಲ್ಯದ ದಿನಗಳಲ್ಲಿ ಕೆಲವು ಮಂಡ್ಯದಲ್ಲಿ ಕಳೆದವು. ತಂದೆಯ ಹೆಸರಿನ ಮೊದಲಲ್ಲಿರುವ ಅಕ್ಷರವು ಬೆಳ್ಳೂರನ್ನು ಸೂಚಿಸುವಂಥಾದ್ದು. ನಾಗಮಂಗಲದ ತಾಲ್ಲೂಕಿನಲ್ಲಿರುವ ಈ ಬೆಳ್ಳೂರನ್ನು ನಮ್ಮ ವಾಚಕರಲ್ಲಿ ಅನೇಕರು ಸಂತೆಗೂ ಬಸ್ಸಿಗೂ ಹೋಗಿ ಬಲ್ಲವರೇ.

ಆ ಮನೆತನದಲ್ಲಿ ವಿದ್ಯೆಯು ಮೊದಲಿನಿಂದಲೂ ಇತ್ತು. ೧೮೮೪ರಿಂದ ೧೯೪೬ರ ವರೆಗೆ ಬಾಳಿ, ಇಂಗ್ಲಿಷ್ ಕವಿತೆಗಳನ್ನು ಕನ್ನಡದ ನುಡಿಗೆ ತಂದು ಹೊಸ ಕಾವ್ಯಕ್ಕೆ ದಾರಿ ತೆಗೆದ ಬಿ. ಎಂ. ಶ್ರೀಕಂಠಯ್ಯನವರು ತ್ರಿವೇಣಿಯವರಿಗೆ ದೊಡ್ಡಪ್ಪ. ತಂಗಿ ಆರ್ಯಾಂಬ ಪಟ್ಟಾಭಿಯವರೂ ಮುಂದೆ ಗ್ರಂಥಕರ್ತೆಯಾದರು. ಇಲ್ಲಿ ಒಂದು ಸಂಗತಿಯನ್ನು ಗಮನಿಸತಕ್ಕದ್ದು. ಶ್ರೀಕಂಠಯ್ಯನವರು ೧೯೨೯ರಲ್ಲಿ ಅಶ್ವತ್ಥಾಮನ್ ಎಂಬ ನಾಟಕವನ್ನು ಪ್ರಕಟಿಸಿದರು. ಅದು ಸೊಫೋಕ್ಲೀಸನೆಂಬ ಗ್ರೀಕ್ ಕವಿಯ ಏಜಾಕ್ಸ್ ನಾಟಕವನ್ನು ಮಹಾಭಾರತದ ವೀರನೊಬ್ಬನಿಗೆ ಹೊಂದಿಸಿ ಬರೆದದ್ದು. ಆ ಗ್ರೀಕರ ಕಥೆಯಲ್ಲಿ ದೊಡ್ಡ ಶೂರನೊಬ್ಬನು ದೇವತೆಯ ಕೋಪದಿಂದ ಬುದ್ಧಿಭ್ರಮೆಗೊಂಡು, ದನಕುರಿಗಳನ್ನೇ ತನ್ನ ವೈರಿಗಳೆಂದು ತಿಳಿದು ಕಡಿದುಹಾಕುತ್ತಾನೆ. ಅನಂತರ ಬುದ್ಧಿ ತಿಳಿಯಾದಾಗ ತನ್ನ ಕೃತ್ಯವನ್ನು ಕಂಡು ನಾಚಿಕೆಯಿಂದ ಬದುಕಲಾರದೆ ಹೋಗುತ್ತಾನೆ. ಹುಚ್ಚಿನ ಕಥೆಯು ಈ ಮನೆಗೆ ಹೊಸದಲ್ಲವೆಂದು ತೋರಿಸುವದಕ್ಕಾಗಿ ಇದನ್ನು ಹೇಳಿದೆವು. ಆದರೆ ದೊಡ್ಡಪ್ಪನ ನಾಟಕದಲ್ಲಿ ಹುಚ್ಚು ಹಿಡಿಯುವದು ಪುರಾಣದ ವೀರನಿಗೆ. ಮಗಳ ಕಥೆಯಲ್ಲಿ ಅದು ಮೈಸೂರಿನ ಬೀದಿಗಳಲ್ಲಿ ಕಾಣುವಂಥ ಒಬ್ಬ ಗೃಹಿಣಿಗೆ. ಅಲ್ಲಿ ಕಾರಣವು ದೇವತೆಯ ಕೋಪ. ಇಲ್ಲಿ ಹೆರಿಗೆ, ಮನದೊಳಗಿನ ಹಳೆಯ ನೋವು, ಸುತ್ತಲಿನವರ ನಾಲಿಗೆ.

ಅದಕ್ಕೂ ಹಿಂದಿನ ಕಾವ್ಯಗಳಲ್ಲಿ ಕವಿಗಳು ಈ ವಿಷಯದಲ್ಲಿ ಹೆಚ್ಚು ಕನಿಕರವುಳ್ಳವರಾಗಿರಲಿಲ್ಲವೆಂದು ಹೇಳಲೇಬೇಕು. ಹೊಯ್ಸಳರ ಕಾಲದ ಜನ್ನ ಕವಿಯು ೧೨೦೯ರಲ್ಲಿ ಬರೆದ ಯಶೋಧರ ಚರಿತೆಯಲ್ಲಿ ರಾಣಿಯ ಮನಸ್ಸನ್ನು ಕೆಡಿಸುವ ಮಾವಟಿಗನನ್ನು ಅಂಗಾಂಗಗಳೆಲ್ಲಾ ವಕ್ರವಾದವನನ್ನಾಗಿ ಮಾಡಿ, ಅವನ ವಿಕಾರವನ್ನು ಒಂದೊಂದಾಗಿ ಬಣ್ಣಿಸಿದ್ದಾನೆ. ರಾಮಾಯಣದ ಮಂಥರೆಗೆ ಗೂನು ಬೆನ್ನು. ಮಹಾಭಾರತದ ಮುದಿ ಅರಸನಿಗೆ ಕಣ್ಣು ಕಾಣದು, ಅವನ ಮಗನ ಮೇಲಿನ ಮೋಹಕ್ಕೂ ಕುರುಡೆಂದೇ ಹೆಸರು. ಇಂಥ ಕಥೆಗಳನ್ನು ಜಗಲಿಯ ಮೇಲೆ ಕೇಳಿ ಬೆಳೆದ ಜನರು, ಮೈ ಸೊಟ್ಟಗಿದ್ದರೆ ಮನಸ್ಸೂ ಸೊಟ್ಟಗಿರುವದೆಂದು ಎಣಿಸಿದರೆ ಆಶ್ಚರ್ಯವೇನು? ಕಿಕ್ಕೇರಿಯಲ್ಲಿಯೂ ಹೊಸಹೊಳಲಿನಲ್ಲಿಯೂ ಹೊಯ್ಸಳರ ಕಲ್ಲಿನ ಕೆಲಸವನ್ನು ನೋಡಿ ನಾವು ಸಂತೋಷಪಟ್ಟಿದ್ದೇವೆ. ಅದೇ ಕಾಲದ ಕವಿಯ ಜಾಣ್ಮೆಯನ್ನೂ ಅಲ್ಲಗಳೆಯುವದಿಲ್ಲ. ಆದರೂ ಗೂನು ಬೆನ್ನಿನ ಒಬ್ಬ ಬಡವನು ಆ ಪದ್ಯಗಳನ್ನು ಕೇಳುತ್ತಾ ಕುಳಿತಿದ್ದರೆ ಅವನಿಗೆ ಹೇಗಾಗುತ್ತಿತ್ತೆಂದು ಕವಿಯು ಯೋಚಿಸಿದ ಹಾಗೆ ಕಾಣುವದಿಲ್ಲ.

ಈಗ ಚರಿತ್ರೆಗೆ ತಿರುಗೋಣ. ಅನಸೂಯಾ ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರವನ್ನು ವಿಷಯವಾಗಿ ಆರಿಸಿಕೊಂಡು, ೧೯೪೭ರಲ್ಲಿ ಚಿನ್ನದ ಪದಕದೊಡನೆ ಬಿ. ಎ. ಪದವಿಯನ್ನು ಹೊಂದಿದರು. ಇದು ಸಾಮಾನ್ಯ ಸಂಗತಿಯಲ್ಲ. ಮನುಷ್ಯನ ಮನಸ್ಸು ಹೇಗೆ ನಡೆಯುತ್ತದೆ, ಭಯವು ಎಲ್ಲಿಂದ ಹುಟ್ಟುತ್ತದೆ, ಮರೆತುಹೋಯಿತೆಂದು ನಾವು ತಿಳಿದದ್ದು ಒಳಗೆ ಹೇಗೆ ಹುದುಗಿಕೊಂಡಿರುತ್ತದೆ ಎಂಬದನ್ನು ಕಲಿಸುವ ಈ ವಿದ್ಯೆಗೆ ಆಗ ನಮ್ಮ ದೇಶದಲ್ಲಿ ಇದ್ದ ಶಾಲೆಗಳು ಬೆರಳೆಣಿಕೆಯಷ್ಟೇ. ಮೈಸೂರಿನಲ್ಲಿ ೧೯೨೪ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಇದರ ವಿಭಾಗವನ್ನು ಪ್ರಾರಂಭಿಸಿದ್ದರು. (ಇದೇ ಮಹನೀಯರು ೧೯೩೫ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಮಾಡಿದರು, ಆಕಾಶವಾಣಿ ಎಂಬ ಹೆಸರು ಅಲ್ಲಿಂದ ಬಂದದ್ದು.) ಹೀಗೆ ಕೈಗೆ ಬಂದ ವಿದ್ಯೆಯನ್ನು ತ್ರಿವೇಣಿಯವರು ಉದ್ಯೋಗಕ್ಕೆ ಮೆಟ್ಟಲಾಗಿ ಮಾಡಿಕೊಳ್ಳದೆ, ಕಥೆ ಬರೆಯುವ ಕೆಲಸಕ್ಕೆ ತಂದರು.

೧೯೫೩ರಲ್ಲಿ ಅಪಸ್ವರವೆಂಬ ಮೊದಲನೆಯ ಕಾದಂಬರಿಯು ಹೊರಟಿತು. ಅಲ್ಲಿಂದ ಮುಂದಕ್ಕೆ ಉಳಿದ ಆಯುಸ್ಸು ಹತ್ತೇ ವರುಷ. ಅಷ್ಟರೊಳಗೆ ಸುಮಾರು ೨೦ ಕಾದಂಬರಿಗಳನ್ನೂ ೩ ಕಥಾಸಂಗ್ರಹಗಳನ್ನೂ ಬರೆದರು. ಆ ಸಂಗ್ರಹಗಳಲ್ಲಿ ಒಂದಕ್ಕೆ ಸಮಸ್ಯೆಯ ಮಗು ಎಂದು ಹೆಸರು. ಹಟಮಾರಿ, ದಡ್ಡ, ಪೆದ್ದ ಎಂದು ನಾವು ಸುಮ್ಮನೆ ಕರೆದುಬಿಡುವ ಮಕ್ಕಳಿಗೂ ಒಂದು ಒಳಗಿನ ಕಾರಣವಿರಬಹುದೆಂದು ಯೋಚಿಸುವವರು ಮಾತ್ರ ಅಂಥ ಹೆಸರನ್ನು ಇಡಬಲ್ಲರು. ಬೆಳ್ಳಿಮೋಡದ ಕಥೆಯಲ್ಲಿ, ಆಸ್ತಿಯ ಆಸೆಯಿಂದ ಒಪ್ಪಿ ಆಸ್ತಿ ತಪ್ಪಿದಾಗ ಕೈಬಿಟ್ಟ ವರನು ಕಾಲು ಮುರಿದುಕೊಂಡು ಬಿದ್ದಾಗ, ಅವನು ಬಿಟ್ಟ ಹುಡುಗಿಯೇ ಶುಶ್ರೂಷೆ ಮಾಡಿ ಎಬ್ಬಿಸುತ್ತಾಳೆ. ಅವನು ಮತ್ತೆ ಮದುವೆಯ ಮಾತೆತ್ತಿದಾಗ ಒಲ್ಲೆನೆನ್ನುತ್ತಾಳೆ. ಬೆಕ್ಕಿನ ಕಣ್ಣು ಎಂಬದರಲ್ಲಿ ವಿಷಯವು ಮನಸ್ಸಿನ ಬೇನೆಯೇ. ಇವೆಲ್ಲವನ್ನೂ ವಿವರಿಸುವದಕ್ಕೆ ಇಲ್ಲಿ ಸ್ಥಳವಿಲ್ಲ. ಶರಪಂಜರವೆಂಬ ಒಂದೇ ಕಾದಂಬರಿಯ ವಿಷಯವಾಗಿ ಸ್ವಲ್ಪ ನಿಧಾನಿಸಿ ಹೇಳುವೆವು.

ಶರಪಂಜರವೆಂದರೆ ಬಾಣಗಳಿಂದ ಕಟ್ಟಿದ ಪಂಜರ. ಕಾವೇರಿ ಎಂಬ ಸುಂದರಿಯಾದ ಹೆಣ್ಣು ಸತೀಶನೆಂಬವನನ್ನು ಮದುವೆಯಾಗಿ ಸುಖವಾಗಿ ಸಂಸಾರ ಮಾಡಿಕೊಂಡಿರುತ್ತಾಳೆ. ಮನೆ, ಹಣ, ಗಂಡನ ಪ್ರೀತಿ, ಮಗು, ಯಾವದಕ್ಕೂ ಕೊರತೆಯಿಲ್ಲ. ಮದುವೆಗೆ ಮೊದಲು ನಡೆದ ಒಂದು ನೋವಿನ ಪ್ರಸಂಗ ಮಾತ್ರ ಅವಳ ಮನದ ತಳದಲ್ಲಿ ಹೂತುಹೋಗಿರುತ್ತದೆ. ಎರಡನೆಯ ಹೆರಿಗೆಯಾದ ಮೇಲೆ ಅವಳ ಚಿತ್ತವು ಕದಡುತ್ತದೆ. ನಮ್ಮ ಅಜ್ಜಿಯಂದಿರು ಬಾಣಂತಿ ಸನ್ನಿ ಎಂದು ಕರೆಯುತ್ತಿದ್ದ ಬೇನೆಯು ಇದೇ. ಅವಳನ್ನು ಮನೋರೋಗಿಗಳ ಆಸ್ಪತ್ರೆಗೆ ಸೇರಿಸುತ್ತಾರೆ. ವೈದ್ಯರ ಆರೈಕೆಯಿಂದ ಅವಳು ಗುಣವಾಗಿ ಮನೆಗೆ ಬರುತ್ತಾಳೆ.

ಬೇರೆ ಕಥೆಗಾರರಾದರೆ ಇಲ್ಲಿಗೆ ಮಂಗಳ ಹಾಡುತ್ತಿದ್ದರು. ತ್ರಿವೇಣಿಯವರ ಕಥೆಯು ನಿಜವಾಗಿ ಪ್ರಾರಂಭವಾಗುವದೇ ಇಲ್ಲಿಂದ. ಗುಣವಾಗಿ ಬಂದವಳನ್ನು ಗುಣವಾದವಳೆಂದು ಒಬ್ಬರೂ ನಂಬುವದಿಲ್ಲ. ಆಳುಗಳು ಹಿಂದೆ ನಿಂತು ಪಿಸುಗುಟ್ಟುತ್ತಾರೆ. ನೆರೆಯವರು ಬಾಗಿಲ ಸಂದಿನಿಂದ ನೋಡುತ್ತಾರೆ. ಅವಳು ನಕ್ಕರೆ ಹುಚ್ಚು ಮರಳಿತೋ ಎಂದು ನೋಡುತ್ತಾರೆ, ಅತ್ತರೂ ಹಾಗೆಯೇ ನೋಡುತ್ತಾರೆ. ಯಾವ ಗೃಹಿಣಿಗೂ ಬರುವ ಸಿಟ್ಟು ಇವಳಿಗೆ ಬಂದರೆ ಅದು ರೋಗದ ಚಿಹ್ನೆ. ಎಲ್ಲಕ್ಕಿಂತಲೂ ಕ್ರೂರವಾದದ್ದೇನಂದರೆ, ಗಂಡನ ಮನಸ್ಸು ಅವಳಿಂದ ದೂರವಾಗಿರುತ್ತದೆ. ಅವನು ಹೊಡೆಯುವವನಲ್ಲ, ಬೈಯುವವನೂ ಅಲ್ಲ; ಹತ್ತಿರ ಬರುವದಿಲ್ಲ, ಅಷ್ಟೇ. ಒಂದೊಂದು ನೋಟವೂ ಒಂದೊಂದು ಬಾಣವಾಗಿ ಸುತ್ತಲೂ ನಾಟಿಕೊಂಡು, ಕಡೆಗೆ ಅವಳು ಕದಲುವದಕ್ಕೆ ಎಡೆಯಿಲ್ಲದಂತಾಗುತ್ತದೆ. ಆಸ್ಪತ್ರೆಯು ಕೂಡಿಸಿಕೊಟ್ಟ ಬುದ್ಧಿಯು ಮನೆಯಲ್ಲಿ ಮತ್ತೆ ಒಡೆಯುತ್ತದೆ. ಅವಳು ತಿರಿಗಿ ಆಸ್ಪತ್ರೆಗೇ ಹೋಗುತ್ತಾಳೆ.

ಗೆರಸೇನರ ಸೀಮೆಯಲ್ಲಿ ಸಮಾಧಿಯ ಗವಿಗಳೊಳಗೆ ಇದ್ದುಕೊಂಡು ಸಂಕೋಲೆಗಳನ್ನು ತುಂಡುಮಾಡುತ್ತಿದ್ದವನ ವೃತ್ತಾಂತವನ್ನು ನಮ್ಮ ಸಭೆಗಳಲ್ಲಿ ಕೇಳದವರಿಲ್ಲ. ಮನಸ್ಸಿನ ಬೇನೆಗಳೆಲ್ಲಾ ದೆವ್ವದ ಕಾಟವೆಂದು ಸಾಧಿಸುವದಕ್ಕೆ ಈ ಮಾತನ್ನು ಎತ್ತಿದೆವೆಂದು ಯಾರೂ ತಿಳಿಯಬಾರದು. ಹಾಗೆ ತಿಳಿದು ರೋಗಿಗಳನ್ನು ಕಟ್ಟಿ ಬಡಿದದ್ದನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ನಾವು ತೋರಿಸಬೇಕೆಂದದ್ದು ಊರಿನವರನ್ನು. ಆ ಮನುಷ್ಯನು ಬಟ್ಟೆ ಹಾಕಿಕೊಂಡು ಸ್ವಸ್ಥಬುದ್ಧಿಯುಳ್ಳವನಾಗಿ ಕೂತಿರುವದನ್ನು ಕಂಡಾಗ ಅವರು ಹೆದರಿದರೆಂದು ಮಾರ್ಕನು ಬರೆದಿದ್ದಾನೆ. ತರುವಾಯ ಅವನನ್ನು ಅವನ ಮನೆಗೂ ಅವನ ಜನರ ಬಳಿಗೂ ಕಳುಹಿಸಲಾಯಿತು. ಮನೆಯವರು ಅವನಿಗೆ ಬಾಗಿಲು ಹೇಗೆ ತೆರೆದರೆಂಬದು ಬರೆಯಲ್ಪಟ್ಟಿಲ್ಲ. ಶರಪಂಜರವನ್ನು ಓದುವಾಗ ಆ ಬರೆಯದೆ ಬಿಟ್ಟ ಬಾಗಿಲೇ ನಮ್ಮ ಕಣ್ಣೆದುರಿಗೆ ಬರುತ್ತಿತ್ತು.

ನಮ್ಮ ಸ್ವಂತ ಸಂಗತಿಯೊಂದನ್ನೂ ಮರೆಮಾಡದೆ ಹೇಳುವೆವು. ನಾವು ಹತ್ತು ವರುಷದವರಾಗಿದ್ದಾಗ ಮಾಕವಳ್ಳಿಯ ಮಗ್ಗುಲಿನ ಒಂದು ಕೇರಿಯಲ್ಲಿ ಒಬ್ಬಾಕೆಗೆ ಬಾಣಂತಿ ಸನ್ನಿಯಾಯಿತು. ಮೊದಲು ಗಾಳಿ ಸೋಕಿತೆಂದು ಬೇವಿನ ಸೊಪ್ಪಿನಿಂದ ಹೊಡೆದರು, ಮೆಣಸಿನಕಾಯಿಯ ಹೊಗೆ ಹಾಕಿದರು; ಹದಿನೈದು ದಿನ ಹೀಗೆ ಕಳೆದ ಮೇಲೆ ಯಾರೋ ಬುದ್ಧಿವಂತರು ಹೇಳಿ ಆಸ್ಪತ್ರೆಗೆ ಕರೆದುಕೊಂಡುಹೋದರು. ಮೂರು ತಿಂಗಳಿಗೆ ಆಕೆಯು ಚೆನ್ನಾಗಿಯೇ ಆಗಿ ಬಂದಳು. ತಲೆ ಬಾಚಿಕೊಂಡು, ಹಣೆಯ ಮೇಲೆ ಬೆವರು ಒರಸಿಕೊಳ್ಳುತ್ತಾ ರಾಗಿ ಬೀಸುತ್ತಿದ್ದದ್ದು ನಮಗೆ ಈಗಲೂ ನೆನಪಿದೆ. ಆದರೆ ಕೂಸನ್ನು ಆಕೆಯ ಕೈಗೆ ಕೊಡಬಾರದೆಂದು ಮನೆಯ ಹಿರಿಯರ ಕಟ್ಟಪ್ಪಣೆಯಾಗಿತ್ತು. ಒಂದು ದಿನ ಮಧ್ಯಾಹ್ನ ಆ ಕೂಸು ನಮ್ಮ ಕಂಕುಳಲ್ಲಿತ್ತು. ಆಕೆಯು ಜಗಲಿಯ ಮೇಲಿಂದ ನಮ್ಮನ್ನು ಕರೆದು, ಒಂದು ಗಳಿಗೆ ಮಡಿಲಲ್ಲಿ ಇಡಬೇಕೆಂದು ಬೇಡಿಕೊಂಡಳು. ನಾವು ಕೂಸನ್ನು ಅವಚಿಕೊಂಡು ಓಡಿಹೋದೆವು; ಬೀದಿಯ ಕೊನೆಯಲ್ಲಿ ನಿಂತು, ಮಿಕ್ಕ ಮಕ್ಕಳೊಡನೆ ಸೇರಿ ಆಕೆಯ ಕಡೆಗೆ ನೋಡಿ ನಕ್ಕೆವು. ಆಕೆಯು ಏನೂ ಅನ್ನಲಿಲ್ಲ. ಬೇಸಗೆ ಕಳೆಯುವದರೊಳಗೆ ಆಕೆಯನ್ನು ತವರಿಗೆ ಕಳುಹಿಸಿಬಿಟ್ಟರು. ಕೂಸು ಇಲ್ಲಿಯೇ ಬೆಳೆಯಿತು. ನಾವು ಆಕೆಯನ್ನು ಮತ್ತೆ ನೋಡಲಿಲ್ಲ. ಇಪ್ಪತ್ತು ವರುಷಗಳ ಮೇಲೆ, ಹಳೆಯ ಪುಸ್ತಕದ ಗಂಟಿನಲ್ಲಿ ಸಿಕ್ಕಿದ ಶರಪಂಜರವನ್ನು ಓದುತ್ತಿರುವಾಗ ನಮಗೆ ಆ ಜಗಲಿಯು ನೆನಪಿಗೆ ಬಂದು, ಪುಸ್ತಕವನ್ನು ಮುಚ್ಚಿ ಇಡಬೇಕಾಯಿತು.

ಈ ಬೇನೆಯ ವಿಷಯದಲ್ಲಿ ವೈದ್ಯರು ಕಂಡುಕೊಂಡದ್ದನ್ನು ಸ್ವಲ್ಪ ಹೇಳುವದು ಉಚಿತವಾಗಿದೆ. ಯಾಕಂದರೆ ಹೆರಿಗೆಯಿಲ್ಲದ ಮನೆಯು ನಮ್ಮಲ್ಲಿಲ್ಲ. ಹೆತ್ತ ಸಾವಿರ ಮಂದಿ ಸ್ತ್ರೀಯರಲ್ಲಿ ಒಬ್ಬಿಬ್ಬರಿಗೆ ಇದು ಬರುತ್ತದೆ. ಸಾಮಾನ್ಯವಾಗಿ ಹೆರಿಗೆಯಾದ ಎರಡು ವಾರಗಳೊಳಗೇ ತೋರುತ್ತದೆ. ಮೊದಲು ನಿದ್ರೆ ಹಾರಿಹೋಗುವದು. ಅನಂತರ ಅಂಜಿಕೆ, ಸಂಶಯ, ಒಂದಕ್ಕೊಂದು ಹೊಂದದ ಮಾತು, ಇಲ್ಲದ ಧ್ವನಿ ಕೇಳಿಸುವದು, ಕೆಲವು ಸಾರಿ ಕೂಸು ತನ್ನದಲ್ಲವೆಂಬ ಭ್ರಾಂತಿ. ತಾಯಿಯ ಶೀಲಕ್ಕೂ ಇದಕ್ಕೂ ಸಂಬಂಧವಿಲ್ಲ. ಹೆರಿಗೆಯಿಂದ ಶರೀರದಲ್ಲಿ ಫಕ್ಕನೆ ಆಗುವ ಬದಲಾವಣೆಗಳೂ ನಿದ್ರೆಗೇಡೂ, ಕೆಲವರಲ್ಲಿ ವಂಶದಿಂದ ಬಂದ ಒಲವೂ ಸೇರಿ ಹೀಗಾಗುವದೆಂದು ತಿಳಿದವರು ಹೇಳುತ್ತಾರೆ. ಬೇಗನೆ ಆಸ್ಪತ್ರೆಗೆ ಕರೆದೊಯ್ದರೆ ಬಹುಮಂದಿ ಪೂರ್ಣವಾಗಿ ಗುಣವಾಗುತ್ತಾರೆ. ತಡಮಾಡಿದರೆ ತಾಯಿಯ ಪ್ರಾಣಕ್ಕೂ ಕೂಸಿನ ಪ್ರಾಣಕ್ಕೂ ಅಪಾಯವುಂಟು. ಒಮ್ಮೆ ಬಂದವರಿಗೆ ಮುಂದಿನ ಹೆರಿಗೆಯಲ್ಲಿ ಮರಳಿ ಬರುವ ಸಂಭವ ಹೆಚ್ಚಾದ ಕಾರಣ, ಗರ್ಭಿಣಿಯಾದಾಗಲೇ ವೈದ್ಯರಿಗೆ ತಿಳಿಸತಕ್ಕದ್ದು. ಬೇವಿನ ಸೊಪ್ಪಿನಲ್ಲಿ ಕಳೆದ ಆ ಹದಿನೈದು ದಿನಗಳನ್ನು ನಾವು ಈಗ ನೆನಸುವದು ಇದಕ್ಕಾಗಿಯೇ.

ಬೆಂಗಳೂರಿನ ಆಸ್ಪತ್ರೆಯೂ ಬಹಳ ಬದಲಾಗಿದೆ. ಹುಚ್ಚರ ಆಸ್ಪತ್ರೆ ಎನ್ನಿಸಿಕೊಂಡಿದ್ದ ಅದಕ್ಕೆ ೧೯೨೫ರಲ್ಲಿಯೇ ಮಾನಸಿಕ ಆಸ್ಪತ್ರೆಯೆಂಬ ಹೆಸರು ಕೊಟ್ಟರು. ೧೯೫೪ರಲ್ಲಿ ಅದರ ಜೊತೆಗೆ ವೈದ್ಯರನ್ನು ತರಬೇತು ಮಾಡುವ ಅಖಿಲ ಭಾರತದ ಸಂಸ್ಥೆಯೊಂದು ಏರ್ಪಟ್ಟಿತು. ೧೯೭೪ರಲ್ಲಿ ಎರಡೂ ಒಂದಾಗಿ ನಿಮ್ಹಾನ್ಸ್ ಆಯಿತು. ಅಲ್ಲಿ ೨೦೦೯ರಿಂದ ಬಾಣಂತಿಯನ್ನೂ ಕೂಸನ್ನೂ ಅಗಲಿಸದೆ ಒಂದೇ ಕಡೆಯಲ್ಲಿಟ್ಟು ಚಿಕಿತ್ಸೆಮಾಡುವ ವಿಭಾಗವೊಂದು ನಡೆದುಬಂದಿದೆ. ಸರಕಾರದವರು ಹೆಸರು ಬದಲಾಯಿಸಿದರೂ ನಮ್ಮ ಹಳ್ಳಿಗಳ ಬಾಯಲ್ಲಿ ಅದು ಹುಚ್ಚಾಸ್ಪತ್ರೆಯಾಗಿಯೇ ಉಳಿದದ್ದನ್ನು ಈ ಲೇಖನದ ಮೊದಲಲ್ಲಿ ಹೇಳಿದೆವಷ್ಟೇ.

ತ್ರಿವೇಣಿಯವರ ಪುಸ್ತಕಗಳಲ್ಲಿ ದೋಷವೇ ಇಲ್ಲವೆಂದು ನಾವು ಹೇಳುವದಿಲ್ಲ. ಅವರ ಕಥೆಗಳಲ್ಲಿ ಬರುವವರು ಹೆಚ್ಚಾಗಿ ಪಟ್ಟಣದವರು, ಉಂಡುಟ್ಟು ಸುಖವಾಗಿರುವವರು. ಬೆಳಿಗ್ಗೆ ಕಬ್ಬಿನ ಗದ್ದೆಗೆ ಇಳಿದು ಸಂಜೆಗೆ ಕೂಲಿ ಎಣಿಸುವ ಹೆಣ್ಣಿಗೆ ಇಂಥ ಬೇನೆ ಬಂದರೆ ಅವಳ ಗತಿಯೇನೆಂಬದನ್ನು ಆ ಪುಟಗಳಲ್ಲಿ ಹುಡುಕಿದರೆ ಸಿಕ್ಕುವದು ಕಷ್ಟ. ಕಾವೇರಿಗೆ ಕಾರು ಇತ್ತು, ವೈದ್ಯರು ಇದ್ದರು. ನಮ್ಮ ಕೇರಿಯವಳಿಗೆ ಆಸ್ಪತ್ರೆಗೆ ಹೋಗಲು ಬಸ್ಸಿನ ಚಾರ್ಜಿಗೂ ಸಾಲಮಾಡಬೇಕಾಯಿತು. ಆದರೂ ಇಬ್ಬರೂ ಮನೆಗೆ ಬಂದಾಗ ಕಂಡದ್ದು ಒಂದೇ ಆಗಿತ್ತು. ಇದನ್ನು ಮೈಸೂರಿನ ಒಂದು ಮನೆಯೊಳಗೆ ಕೂತು ಅವರು ಹೇಗೆ ಕಂಡುಕೊಂಡರೋ ಎಂದು ನಮಗೆ ಈಗಲೂ ಸೋಜಿಗವಾಗುತ್ತದೆ.

ಓದು ಬಾರದವರಿಗೂ ಈ ಕಥೆಯು ಮುಟ್ಟಿದ್ದು ಸಿನೆಮಾದ ಮೂಲಕ. ಪಿರಿಯಾಪಟ್ಟಣದ ಕಡೆಯ ಕಣಗಾಲಿನವರಾದ ಪುಟ್ಟಣ್ಣನವರು ೧೯೬೭ರಲ್ಲಿ ಬೆಳ್ಳಿಮೋಡವನ್ನೂ ಅನಂತರ ಶರಪಂಜರವನ್ನೂ ಚಿತ್ರಗಳಾಗಿ ಮಾಡಿದರು. ಎರಡರಲ್ಲಿಯೂ ಕಥಾನಾಯಿಕೆಯಾಗಿ ನಟಿಸಿದವರು ಕಲ್ಪನಾ ಎಂಬವರು. ಶರಪಂಜರಕ್ಕೆ ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. ಸಿನೆಮಾ ನೋಡುವದು ತಕ್ಕದ್ದೋ ಅಲ್ಲವೋ ಎಂದು ಚರ್ಚಿಸುತ್ತಿದ್ದ ನಮ್ಮ ಹಿರಿಯರಲ್ಲಿ ಕೆಲವರು ಕೂಡ ಈ ಒಂದನ್ನು ಸದ್ದಿಲ್ಲದೆ ನೋಡಿಬಂದರೆಂದು ಕೇಳಿದ್ದೇವೆ. ಟೆಂಟಿನೊಳಗೆ ಹೆಂಗಸರು ಸೆರಗಿನಿಂದ ಕಣ್ಣೊರಸಿಕೊಂಡರು. ಹೊರಗೆ ಬಂದ ಮೇಲೆ ಹಟ್ಟಿಯಲ್ಲಿ ಇದ್ದವಳನ್ನು ಕುರಿತು ಏನು ಮಾತಾಡಿದರೋ ತಿಳಿಯದು. ಇದಕ್ಕೆ ಮುಂಚೆ ೧೯೬೬ರಲ್ಲಿ ಬೆಕ್ಕಿನ ಕಣ್ಣು ಮಲೆಯಾಳದಲ್ಲಿಯೂ, ೧೯೬೮ರಲ್ಲಿ ವಿಧವೆಯ ಬಾಳನ್ನು ಕುರಿತ ಹಣ್ಣೆಲೆ ಚಿಗುರಿದಾಗ ಎಂಬದು ಕನ್ನಡದಲ್ಲಿಯೂ ಚಿತ್ರಗಳಾದವು.

ಇವುಗಳಲ್ಲಿ ಒಂದನ್ನೂ ತ್ರಿವೇಣಿಯವರು ನೋಡಲಿಲ್ಲ. ಹೆರಿಗೆಯು ಹೆಣ್ಣನ್ನು ಯಾವ ಅಂಚಿಗೆ ಒಯ್ದು ನಿಲ್ಲಿಸಬಲ್ಲದೆಂದು ಬರೆದ ಅವರು ತಾವೇ ಬಾಣಂತಿಯಾಗಿ ತೀರಿಕೊಂಡರು. ಅವರದು ಚಿತ್ತದ ಬೇನೆಯಲ್ಲ, ಶರೀರವೇ ತಡೆಯಲಿಲ್ಲ. ಕೂಸು ಹುಟ್ಟಿ ಕೆಲವೇ ದಿನಗಳಾಗಿದ್ದವು. ೧೯೬೩ನೆಯ ಇಸವಿಯ ಜುಲೈ ೨೯ನೆಯ ತಾರೀಖು ಅದು; ಮೂವತ್ತೈದು ವರುಷ ತುಂಬುವದಕ್ಕೆ ಇನ್ನೂ ಒಂದು ತಿಂಗಳ ಮೇಲೆ ಮೂರು ದಿನ ಉಳಿದಿತ್ತು. ಕೂಸು ಹೆಣ್ಣುಮಗು; ಅದು ಬದುಕಿತು.